ಓಪನ್‌ಸಿವಿ ಇನ್‌ಸ್ಟಾಲ್ ಆಯ್ತು, ಆದರೆ ಓಡುತ್ತಿಲ್ಲ: ವಿಂಡೋಸ್, ಲಿನಕ್ಸ್, ಮ್ಯಾಕ್‌ಗಳಲ್ಲಿ ದೋಷ ಹುಡುಕುವ ಕ್ರಮ

ಚಿತ್ರ, ವಿಡಿಯೋಗಳನ್ನು ಕಂಪ್ಯೂಟರ್ ನೋಡಿ ಅರ್ಥಮಾಡಿಕೊಳ್ಳಲು ಬಳಸುವ ಲೈಬ್ರರಿ ಓಪನ್‌ಸಿವಿ. ಪೈಥಾನ್‌ನಲ್ಲಿ ಅದು ಕೈಕೊಟ್ಟಾಗ ಹೆಚ್ಚಿನವರು ಮೊದಲು ಮಾಡುವುದು ಅದನ್ನೇ ಮತ್ತೊಮ್ಮೆ ಇನ್‌ಸ್ಟಾಲ್ ಮಾಡುವ ಕೆಲಸ. ಅದಕ್ಕೂ ಬಗ್ಗದಿದ್ದರೆ ಪೈಥಾನನ್ನೇ ತೆಗೆದು ಹಾಕುತ್ತಾರೆ. ಕೊನೆಗೆ ವಿಂಡೋಸ್ ಫಾರ್ಮ್ಯಾಟ್ ಮಾಡಿ ಕೂತವರನ್ನೂ ನೋಡಿದ್ದೇನೆ. ಅಷ್ಟು ದೂರ ಹೋಗುವ ಅಗತ್ಯ ಬಹುತೇಕ ಯಾವತ್ತೂ ಇರುವುದಿಲ್ಲ. ದೋಷ ಸಾಮಾನ್ಯವಾಗಿ ಮೂರು ಜಾಗಗಳಲ್ಲಿ ಒಂದರಲ್ಲಿ ಇರುತ್ತದೆ. ನೀವು ಇನ್‌ಸ್ಟಾಲ್ ಮಾಡಿದ ಪೈಥಾನ್ ಒಂದು, ಓಡಿಸುತ್ತಿರುವ ಪೈಥಾನ್ ಇನ್ನೊಂದು ಆಗಿರುತ್ತದೆ. ಇಲ್ಲವೇ ಎರಡು ಓಪನ್‌ಸಿವಿ ಪ್ಯಾಕೇಜುಗಳು ಒಂದರ ಮೇಲೊಂದು ಕೂತಿರುತ್ತವೆ. ಅದೂ ಅಲ್ಲದಿದ್ದರೆ ಆಪರೇಟಿಂಗ್ ಸಿಸ್ಟಮ್ ಕಡೆಯಿಂದ ಸಿಗಬೇಕಾದ ಒಂದು ಫೈಲೋ ಅನುಮತಿಯೋ ಸಿಕ್ಕಿರುವುದಿಲ್ಲ. ಯಾವುದು ಎಂದು ತಿಳಿಯುವ ಮೊದಲೇ ರಿಪೇರಿಗೆ ಕೈ ಹಾಕಿದರೆ, ಹಳೆಯ ದೋಷದ ಜೊತೆ ಹೊಸದೊಂದು ಸೇರಿಕೊಳ್ಳುತ್ತದೆ.

ಬೆಂಗಳೂರಿನಲ್ಲಿ ನನಗೆ ಈ ಪ್ರಶ್ನೆ ಬರುವುದು ಎರಡು ಕಡೆಯಿಂದ. ಒಂದು, ಕೊನೆಯ ವರ್ಷದ ಪ್ರಾಜೆಕ್ಟ್ ಹಿಡಿದಿರುವ ಇಂಜಿನಿಯರಿಂಗ್ ಮಕ್ಕಳಿಂದ. ಇನ್ನೊಂದು, ಪೀಣ್ಯದ ಕಡೆಯ ಸಣ್ಣ ವರ್ಕ್‌ಶಾಪ್‌ಗಳಿಂದ. ಅಲ್ಲಿ ಕ್ಯಾಮೆರಾ ಇಟ್ಟು ಬಿಡಿಭಾಗಗಳನ್ನು ತಪಾಸಣೆ ಮಾಡುತ್ತಾರೆ. ಇಬ್ಬರ ಮೆಷಿನ್‌ಗಳೂ ಬೇರೆ ಬೇರೆ, ಆದರೆ ಹುಡುಕುವ ಕ್ರಮ ಒಂದೇ.

ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಮೊದಲು ಯಾವ ಪೈಥಾನ್ ಅಂತ ನೋಡಿ

ಎರರ್‌ನ ಕೊನೆಯ ಸಾಲನ್ನು ಓದಿ. ಉದ್ದದ ಕೆಂಪು ಅಕ್ಷರಗಳ ರಾಶಿಯಲ್ಲಿ ನಿಮಗೆ ಬೇಕಾದದ್ದು ಹೆಚ್ಚಾಗಿ ಆ ಒಂದು ಸಾಲು ಮಾತ್ರ. ಅಲ್ಲಿ ‘ನೋ ಮಾಡ್ಯೂಲ್ ನೇಮ್ಡ್ ಸಿವಿ2’ ಎಂದಿದ್ದರೆ ಪ್ಯಾಕೇಜ್ ಹಾಳಾಗಿದೆ ಅಂತ ಅರ್ಥವಲ್ಲ. ಈ ಪೈಥಾನ್‌ಗೆ ಅದು ಕಾಣಿಸುತ್ತಿಲ್ಲ, ಅಷ್ಟೇ.

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ವೇರ್ ಪೈಥಾನ್’, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ‘ವಿಚ್ ಪೈಥಾನ್3’ ಕೊಡಿ. ವಿಂಡೋಸ್‌ನಲ್ಲಿ ಒಂದಕ್ಕಿಂತ ಜಾಸ್ತಿ ಸಾಲು ಬಂದರೆ ಗಾಬರಿ ಬೇಡ. ಪೈಥಾನ್ ವೆಬ್‌ಸೈಟಿನಿಂದ ಹಾಕಿದ್ದು ಒಂದು, ಅನಕೊಂಡ ಎಂಬ ಪೈಥಾನ್ ಕಟ್ಟಿನ ಜೊತೆ ಬಂದದ್ದು ಇನ್ನೊಂದು, ಮೈಕ್ರೋಸಾಫ್ಟ್ ಸ್ಟೋರ್‌ಗೆ ಕರೆದೊಯ್ಯುವ ಖಾಲಿ ಶಾರ್ಟ್‌ಕಟ್ ಮತ್ತೊಂದು, ಹೀಗೆ ಇರುವುದು ಮಾಮೂಲು. ಮೇಲಿನ ಸಾಲಿನಲ್ಲಿ ಇರುವುದೇ ಓಡುತ್ತದೆ. ಪಿಪ್ ಅಂದರೆ ಪೈಥಾನ್‌ಗೆ ಪ್ಯಾಕೇಜ್ ತಂದು ಹಾಕುವ ಪ್ರೋಗ್ರಾಂ. ಬರೀ ‘ಪಿಪ್ ಇನ್‌ಸ್ಟಾಲ್’ ಎಂದು ಕೊಟ್ಟಾಗ ಆ ಪಿಪ್ ಬೇರೆ ಪೈಥಾನ್‌ಗೆ ಸೇರಿದ್ದಾಗಿರಬಹುದು. ಅದಕ್ಕೇ ಯಾವಾಗಲೂ ‘ಪೈಥಾನ್ ಹೈಫನ್ ಎಮ್ ಪಿಪ್ ಇನ್‌ಸ್ಟಾಲ್’ ಎಂದು ಉದ್ದಕ್ಕೆ ಕೊಡಿ (ಲಿನಕ್ಸ್, ಮ್ಯಾಕ್‌ನಲ್ಲಿ ಪೈಥಾನ್ ಬದಲು ಪೈಥಾನ್3). ಆಗ ಯಾವ ಪೈಥಾನ್ ಓಡುತ್ತದೋ ಅದಕ್ಕೇ ಪ್ಯಾಕೇಜ್ ಹೋಗುತ್ತದೆ. ವಿಎಸ್ ಕೋಡ್ ಬಳಸುವವರು ಕೆಳಗಿನ ಪಟ್ಟಿಯಲ್ಲಿ ಯಾವ ಇಂಟರ್‌ಪ್ರಿಟರ್ ಆಯ್ಕೆ ಆಗಿದೆ ಅಂತಲೂ ನೋಡಬೇಕು. ಟರ್ಮಿನಲ್‌ನಲ್ಲಿ ಓಡುವ ಕೋಡ್ ಅಲ್ಲಿ ಓಡದೆ ಇರುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ಇನ್ನೊಂದು ಸಣ್ಣ ವಿಷಯ. ಇಂಪೋರ್ಟ್ ಮಾಡುವ ಹೆಸರು ಸಿವಿ2, ಇನ್‌ಸ್ಟಾಲ್ ಮಾಡುವ ಹೆಸರು ಓಪನ್‌ಸಿವಿ ಹೈಫನ್ ಪೈಥಾನ್. ‘ಪಿಪ್ ಇನ್‌ಸ್ಟಾಲ್ ಸಿವಿ2’ ಎಂದರೆ ಸಿಗುವುದಿಲ್ಲ. ಹಾಗೆಯೇ ನಿಮ್ಮ ಫೋಲ್ಡರಿನಲ್ಲಿ ಸಿವಿ2 ಡಾಟ್ ಪಿವೈ ಅಂತ ಫೈಲ್ ಇದ್ದರೆ ಪೈಥಾನ್ ಅದನ್ನೇ ಎತ್ತಿಕೊಳ್ಳುತ್ತದೆ. ಇಂಪೋರ್ಟ್ ಆಗುತ್ತದೆ, ಆದರೆ ಚಿತ್ರ ಓದುವ ಫಂಕ್ಷನ್ ‘ಇಮ್‌ರೀಡ್ ಇಲ್ಲ’ ಎನ್ನುತ್ತದೆ. ಫೈಲಿನ ಹೆಸರು ಬದಲಾಯಿಸಿದರೆ ಸಾಕು.

ಇಂಪೋರ್ಟ್ ಆದ ಮೇಲೂ ಸಂದೇಹ ಇದ್ದರೆ ಸಿವಿ2ರ ‘ಫೈಲ್’ ಮತ್ತು ‘ವರ್ಷನ್’ ಪ್ರಿಂಟ್ ಮಾಡಿ ನೋಡಿ. ಎರಡೂ ಹೆಸರುಗಳ ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುತ್ತವೆ. ಯಾವ ಫೋಲ್ಡರಿನಿಂದ ಯಾವ ಆವೃತ್ತಿ ಬಂತು ಅಂತ ಅದು ನೇರ ಹೇಳುತ್ತದೆ. ‘ಗೆಟ್‌ಬಿಲ್ಡ್‌ಇನ್ಫರ್ಮೇಶನ್’ ಫಂಕ್ಷನ್ ಇನ್ನೂ ಹೆಚ್ಚಿನದನ್ನು ಹೇಳುತ್ತದೆ. ಅದರಲ್ಲಿ ‘ಬಿ’ ಮತ್ತು ‘ಐ’ ದೊಡ್ಡಕ್ಷರ. ಅದು ಕೊಡುವ ಪಟ್ಟಿಯಲ್ಲಿ ಜಿಯುಐ ಎಂಬ ಸಾಲು ಹುಡುಕಿ. ಅಲ್ಲಿ ‘ನನ್’, ಅಂದರೆ ಏನೂ ಇಲ್ಲ, ಎಂದಿದ್ದರೆ ಈ ಓಪನ್‌ಸಿವಿಗೆ ಕಿಟಕಿ ತೆರೆಯುವ ಶಕ್ತಿಯೇ ಇಲ್ಲ. ಮುಂದಿನ ಭಾಗ ನಿಮಗೇ.

ನಾಲ್ಕು ಪ್ಯಾಕೇಜು, ಒಂದೇ ಫೋಲ್ಡರ್

ಈ ದೋಷದ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಇದು ಮೂರೂ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಬರುತ್ತದೆ, ಮತ್ತು ಇದರಿಂದಲೇ ಜನ ಜಾಸ್ತಿ ಸುಸ್ತಾಗುತ್ತಾರೆ.

ಪಿಪ್ ಮೂಲಕ ಸಿಗುವ ಓಪನ್‌ಸಿವಿ ನಾಲ್ಕು ಬಗೆ. ಓಪನ್‌ಸಿವಿ ಪೈಥಾನ್ ಸಾಮಾನ್ಯ ಬಗೆ. ಅದಕ್ಕೆ ಹೆಚ್ಚುವರಿ ಮಾಡ್ಯೂಲ್‌ಗಳು ಸೇರಿದ್ದು ಓಪನ್‌ಸಿವಿ ಕಾಂಟ್ರಿಬ್ ಪೈಥಾನ್. ಈ ಎರಡಕ್ಕೂ ಒಂದೊಂದು ಹೆಡ್‌ಲೆಸ್ ಬಗೆ ಇದೆ. ಅವು ಸ್ಕ್ರೀನ್ ಇಲ್ಲದ ಸರ್ವರ್‌ಗಳಿಗೆ. ಇಮ್‌ಶೋ ತರಹ ಕಿಟಕಿ ತೆರೆಯುವ ಭಾಗವನ್ನು ಅವುಗಳಿಂದ ತೆಗೆದಿರುತ್ತಾರೆ. ಹೆಸರು ನಾಲ್ಕಾದರೂ ಎಲ್ಲವೂ ಹೋಗಿ ಕೂರುವುದು ಸಿವಿ2 ಎಂಬ ಒಂದೇ ಫೋಲ್ಡರಿನಲ್ಲಿ. ಒಂದೇ ಡೋರ್ ನಂಬರಿಗೆ ನಾಲ್ಕು ಸಂಸಾರ ಬಂದ ಹಾಗೆ. ಪಿಪ್‌ಗೆ ಅವು ನಾಲ್ಕು ಬೇರೆ ಬೇರೆ ಪ್ಯಾಕೇಜುಗಳು. ಆದ್ದರಿಂದ ಒಂದು ಇರುವಾಗ ಇನ್ನೊಂದನ್ನು ಹಾಕಲು ಅದು ತಡೆಯುವುದಿಲ್ಲ, ಎಚ್ಚರಿಸುವುದೂ ಇಲ್ಲ.

ಬನಶಂಕರಿ ಕಡೆಯ ಒಬ್ಬ ವಿದ್ಯಾರ್ಥಿನಿಯ ಪ್ರಾಜೆಕ್ಟ್ ನೋಡಿ. ಕಣ್ಣು ಕಾಣದವರಿಗೆ ಬಸ್ ಬೋರ್ಡ್ ಓದಿ ಹೇಳುವ ಪ್ರೋಗ್ರಾಂ ಅದು. ಕ್ಯಾಮೆರಾದಲ್ಲಿ ಬಸ್ ಎಲ್ಲಿದೆ ಎಂದು ಹುಡುಕಲು ಅಲ್ಟ್ರಾಲಿಟಿಕ್ಸ್‌ನ ಯೋಲೋ, ಬೋರ್ಡಿನ ಕನ್ನಡ ಓದಲು ಈಸಿಒಸಿಆರ್. ಈಸಿಒಸಿಆರ್‌ಗೆ ಕನ್ನಡ ಬರುತ್ತದೆ, ಒಳ್ಳೆಯ ಆಯ್ಕೆ. ಮೊದಲ ಭಾಗ ಮುಗಿಯುವವರೆಗೆ ಎಲ್ಲ ಸರಿ ಇತ್ತು. ಈಸಿಒಸಿಆರ್ ಹಾಕಿದ ಮೇಲೆ ಅದೇ ಕೋಡ್, ಅದೇ ಲ್ಯಾಪ್‌ಟಾಪ್, ಇಮ್‌ಶೋ ಸಾಲಿಗೆ ಬಂದಾಗ ನಿಂತಿತು. ‘ದ ಫಂಕ್ಷನ್ ಈಸ್ ನಾಟ್ ಇಂಪ್ಲಿಮೆಂಟೆಡ್. ರೀಬಿಲ್ಡ್ ದ ಲೈಬ್ರರಿ ವಿತ್ ವಿಂಡೋಸ್, ಜಿಟಿಕೆ ಪ್ಲಸ್ ಆರ್ ಕೋಕೋವಾ ಸಪೋರ್ಟ್’ ಎಂಬ ಸಾಲು.

“ಸರ್, ಲೈಬ್ರರಿ ರೀಬಿಲ್ಡ್ ಮಾಡು ಅಂತಿದೆ. ಸೀಮೇಕ್ ಹಾಕ್ಕೊಳ್ಳಲಾ?” ಎಂದು ಆಕೆ ಕೇಳಿದಳು. ಸೋರ್ಸ್ ಕೋಡ್‌ನಿಂದ ಲೈಬ್ರರಿ ಕಟ್ಟಲು ಬೇಕಾಗುವ ಸಾಧನ ಸೀಮೇಕ್.

“ಈಗಲೇ ಬೇಡಮ್ಮ. ಮೊದಲು ಪಿಪ್ ಲಿಸ್ಟ್ ಕೊಟ್ಟು, ಓಪನ್‌ಸಿವಿ ಅಂತ ಎಷ್ಟು ಸಾಲು ಇದೆ ಹೇಳು.”

ಎರಡು ಸಾಲು ಇದ್ದವು. ಯೋಲೋ ತನಗೆ ಬೇಕಾದ ಸಾಮಾನ್ಯ ಬಗೆಯನ್ನು ತಂದಿತ್ತು. ಈಸಿಒಸಿಆರ್ ತನಗೆ ಬೇಕಾದ ಹೆಡ್‌ಲೆಸ್ ಬಗೆಯನ್ನು ತಂದು ಅದರ ಮೇಲೆ ಹಾಕಿತ್ತು. ಕೊನೆಗೆ ಬಂದದ್ದೇ ಗೆದ್ದಿತ್ತು. ಎರರ್ ಸಂದೇಶ ರೀಬಿಲ್ಡ್ ಮಾಡಲು ಹೇಳುವುದು ನಿಜ. ಅದನ್ನು ನಂಬಿ ಸೋರ್ಸ್‌ನಿಂದ ಕಟ್ಟಲು ಹೊರಟರೆ ಒಂದಿಡೀ ದಿನ ಹೋಗುತ್ತದೆ, ಪ್ರಾಜೆಕ್ಟ್ ಅಲ್ಲೇ ನಿಲ್ಲುತ್ತದೆ.

ಇಲ್ಲಿ ಎಲ್ಲರೂ ಎಡವುವ ಒಂದು ಹೆಜ್ಜೆ ಇದೆ. ಹೆಡ್‌ಲೆಸ್ ಒಂದನ್ನೇ ತೆಗೆದರೆ ಸಾಕು ಅನ್ನಿಸುತ್ತದೆ, ಅಲ್ವಾ? ಸಾಲದು. ಅದನ್ನು ತೆಗೆಯುವಾಗ ಪಿಪ್ ಸಿವಿ2 ಫೋಲ್ಡರಿನ ಫೈಲುಗಳನ್ನೂ ಅಳಿಸುತ್ತದೆ. ಉಳಿದ ಪ್ಯಾಕೇಜ್ ಪಟ್ಟಿಯಲ್ಲಿ ಮಾತ್ರ ಇರುತ್ತದೆ, ಅದರ ಫೈಲುಗಳು ಹೋಗಿರುತ್ತವೆ. ಆಗ ಬರುವ ಎರರ್ ಮೊದಲಿನದಕ್ಕಿಂತ ಬೇರೆ. ‘ಸಿವಿ2ರಲ್ಲಿ ಇಮ್‌ಶೋ ಎಂಬುದೇ ಇಲ್ಲ’ ಎನ್ನಬಹುದು, ಇಲ್ಲವೇ ಇಂಪೋರ್ಟೇ ಆಗದಿರಬಹುದು. ಸರಿಯಾದ ಕ್ರಮ ಹೀಗೆ: ‘ಪೈಥಾನ್ ಹೈಫನ್ ಎಮ್ ಪಿಪ್ ಅನ್‌ಇನ್‌ಸ್ಟಾಲ್’ ಎಂದು ಕೊಟ್ಟು ನಾಲ್ಕೂ ಹೆಸರುಗಳನ್ನು ಸಾಲಾಗಿ ಬರೆಯಿರಿ. ಇಲ್ಲದ್ದನ್ನು ಇಲ್ಲ ಎಂದು ಹೇಳಿ ಮುಂದೆ ಹೋಗುತ್ತದೆ. ಆಮೇಲೆ ಪ್ಯಾಕೇಜುಗಳು ಕೂರುವ ಸೈಟ್ ಪ್ಯಾಕೇಜಸ್ ಫೋಲ್ಡರಿನಲ್ಲಿ ಸಿವಿ2 ಇನ್ನೂ ಉಳಿದಿದೆಯಾ ನೋಡಿ, ಉಳಿದಿದ್ದರೆ ಕೈಯಿಂದ ಅಳಿಸಿ. ಕೊನೆಗೆ ನಿಮಗೆ ಬೇಕಾದ ಒಂದನ್ನೇ ಹಾಕಿ. ಕಿಟಕಿ ಬೇಕಿದ್ದರೆ ಸಾಮಾನ್ಯ ಬಗೆ, ಸರ್ವರ್ ಆದರೆ ಹೆಡ್‌ಲೆಸ್. ಇನ್ನು ಮುಂದೆ ‘ಪಿಪ್ ಚೆಕ್’ ಕೊಟ್ಟರೆ ಈಸಿಒಸಿಆರ್‌ಗೆ ಹೆಡ್‌ಲೆಸ್ ಬೇಕು ಎಂದು ದೂರುತ್ತದೆ. ಅದನ್ನು ಹಾಗೇ ಬಿಡಿ. ಈಸಿಒಸಿಆರ್ ಕೇಳುವುದು ಸಿವಿ2, ಅದು ಅಲ್ಲಿದೆ.

ಹೊಸ ಲೈಬ್ರರಿ ಸೇರಿಸಿದ ಪ್ರತಿ ಸಲವೂ ಇದು ಮರುಕಳಿಸಬಹುದು. ಪಿಪ್ ಲಿಸ್ಟ್ ಮೇಲೆ ಒಮ್ಮೆ ಕಣ್ಣಾಡಿಸುವ ಅಭ್ಯಾಸ ಇಟ್ಟುಕೊಳ್ಳಿ.

ನಂಪೈ ಜಗಳ

ಓಪನ್‌ಸಿವಿ ಚಿತ್ರಗಳನ್ನು ಅಂಕಿಗಳ ಪಟ್ಟಿಯಾಗಿ ಇಡಲು ಬಳಸುವ ಲೈಬ್ರರಿ ನಂಪೈ. 2024ರ ಜೂನ್‌ನಲ್ಲಿ ಅದರ 2.0 ಆವೃತ್ತಿ ಬಂತು. ಹಳೆಯ ನಂಪೈಗೆ ಕಟ್ಟಿದ ಓಪನ್‌ಸಿವಿ ಇದರ ಜೊತೆ ಕೂಡುವುದಿಲ್ಲ. ‘ನಂಪೈ 1 ಎಕ್ಸ್‌ನಲ್ಲಿ ಕಂಪೈಲ್ ಆದ ಮಾಡ್ಯೂಲ್ ನಂಪೈ 2ರಲ್ಲಿ ಓಡುವುದಿಲ್ಲ’ ಎಂಬ ಅರ್ಥದ ಉದ್ದದ ಸಂದೇಶ, ಅಥವಾ ‘ಮಲ್ಟಿಅರೇ ಫೇಲ್ಡ್ ಟು ಇಂಪೋರ್ಟ್’ ಎಂದು ಬಂದರೆ ಇದೇ. ಓಪನ್‌ಸಿವಿಯನ್ನು 4.10.0.84 ಅಥವಾ ಅದಕ್ಕಿಂತ ಹೊಸದಕ್ಕೆ ಏರಿಸಿ. ಹಳೆಯ ಓಪನ್‌ಸಿವಿಯೇ ಬೇಕೆಂದಿದ್ದರೆ ನಂಪೈಯನ್ನು 2ಕ್ಕಿಂತ ಕೆಳಗೆ ಇಳಿಸಿ. ಸೀನಿಯರ್‌ಗಳ ಹಳೆಯ ಪ್ರಾಜೆಕ್ಟ್ ಎತ್ತಿಕೊಂಡವರಿಗೆ ಇದು ಬಂದೇ ಬರುತ್ತದೆ.

ಇನ್‌ಸ್ಟಾಲ್ ಮುಗಿಯುವುದೇ ಇಲ್ಲ

‘ಬಿಲ್ಡಿಂಗ್ ವೀಲ್’ ಎಂದು ತೋರಿಸಿ ಗಂಟೆಗಟ್ಟಲೆ ನಿಂತರೆ ನೆಟ್‌ವರ್ಕ್ ಬಯ್ಯಬೇಡಿ. ನಿಮ್ಮ ಮೆಷಿನ್‌ಗೆ ಹೊಂದುವ ಸಿದ್ಧ ವೀಲ್ ಫೈಲ್ ಪಿಪ್‌ಗೆ ಸಿಕ್ಕಿಲ್ಲ. ಅದು ಸೋರ್ಸ್ ತಂದು ಇಡೀ ಓಪನ್‌ಸಿವಿಯನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕಟ್ಟುತ್ತಿದೆ. ಡೌನ್‌ಲೋಡ್ ಆದ ಫೈಲಿನ ಕೊನೆ ನೋಡಿ. ಡಾಟ್ ಡಬ್ಲ್ಯುಎಚ್‌ಎಲ್ ಇದ್ದರೆ ಸಿದ್ಧ ಫೈಲ್, ಟಾರ್ ಡಾಟ್ ಜಿಝಡ್ ಇದ್ದರೆ ಸೋರ್ಸ್. ನಿಲ್ಲಿಸಿ, ಮೊದಲು ಪಿಪ್ ಹೊಸದು ಮಾಡಿ. 19.3ಕ್ಕಿಂತ ಹಳೆಯ ಪಿಪ್‌ಗೆ ಈಗಿನ ಲಿನಕ್ಸ್ ವೀಲ್‌ಗಳು ಗೊತ್ತೇ ಆಗುವುದಿಲ್ಲ. ಆಗಲೂ ಹೀಗೇ ಆದರೆ ಪೈಥಾನ್ ತೀರಾ ಹೊಸದೋ, ಮ್ಯಾಕ್ಓಎಸ್ ತೀರಾ ಹಳೆಯದೋ ನೋಡಿ. ‘ಹೈಫನ್ ಹೈಫನ್ ಓನ್ಲಿ ಹೈಫನ್ ಬೈನರಿ ಓಪನ್‌ಸಿವಿ ಹೈಫನ್ ಪೈಥಾನ್’ ಸೇರಿಸಿ ಕೊಟ್ಟರೆ ಸಿದ್ಧ ಫೈಲ್ ಇಲ್ಲದಾಗ ಪಿಪ್ ಕೂಡಲೇ ಇಲ್ಲ ಎನ್ನುತ್ತದೆ, ಸುಮ್ನೆ ಕಾಯಿಸುವುದಿಲ್ಲ. ನಾನಂತೂ ಇದನ್ನು ಯಾವಾಗಲೂ ಸೇರಿಸುತ್ತೇನೆ.

ವಿಂಡೋಸ್

ಇಲ್ಲಿ ಪದೇ ಪದೇ ಬರುವುದು ‘ಡಿಎಲ್ಎಲ್ ಲೋಡ್ ಫೇಲ್ಡ್ ವೈಲ್ ಇಂಪೋರ್ಟಿಂಗ್ ಸಿವಿ2’. ಡಿಎಲ್ಎಲ್ ಅಂದರೆ ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ವಿಂಡೋಸ್ ಫೈಲ್. ಕಾಣೆಯಾಗಿರುವುದು ಯಾವುದು ಎಂದು ಅದು ಹೇಳುವುದಿಲ್ಲ, ಅದೇ ಕಷ್ಟ. ಮೊದಲು ಮೈಕ್ರೋಸಾಫ್ಟ್‌ನ ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಹಾಕಿ. ಹೆಚ್ಚಿನ ಮೆಷಿನ್‌ಗಳು ಇಷ್ಟಕ್ಕೇ ಸರಿಹೋಗುತ್ತವೆ. ಆಗದಿದ್ದರೆ ‘ವಿನ್‌ವರ್’ ಕೊಟ್ಟು ವಿಂಡೋಸ್‌ನ ಹೆಸರು ಓದಿ. ಹೆಸರಿನ ಕೊನೆಯಲ್ಲಿ ‘ಎನ್’ ಇದ್ದರೆ ಅದು ಯುರೋಪಿನ ಮಾರುಕಟ್ಟೆಗೆ ಮಾಡಿದ ಆವೃತ್ತಿ. ಅದರಲ್ಲಿ ಮೀಡಿಯಾ ಭಾಗ ಇರುವುದಿಲ್ಲ, ಓಪನ್‌ಸಿವಿಗೆ ಅದು ಬೇಕು. ಎಸ್‌ಪಿ ರೋಡ್ ಕಡೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತೆಗೆದುಕೊಂಡವರು ಇದನ್ನೊಂದು ನೋಡಿಕೊಳ್ಳುವುದು ಒಳ್ಳೆಯದು. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಮೀಡಿಯಾ ಫೀಚರ್ ಪ್ಯಾಕ್ ಸೇರಿಸಿ, ರೀಸ್ಟಾರ್ಟ್ ಮಾಡಿ. ವಿಂಡೋಸ್ ಸರ್ವರ್‌ನಲ್ಲೂ ಮೀಡಿಯಾ ಫೌಂಡೇಶನ್ ಎಂಬುದನ್ನು ಹೀಗೇ ಬೇರೆಯಾಗಿ ಸೇರಿಸಬೇಕು.

ಇನ್ನೊಂದು ತೊಂದರೆ ಕನ್ನಡದಲ್ಲಿ ಕೆಲಸ ಮಾಡುವವರಿಗೇ ಹೆಚ್ಚು ಬರುವಂಥದ್ದು. ಇನ್‌ಸ್ಟಾಲ್ ಕೆಟ್ಟಿದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಚಿತ್ರಗಳನ್ನು ‘ಬಸ್ ಫೋಟೋಗಳು’ ಎಂದು ಕನ್ನಡ ಅಕ್ಷರದಲ್ಲೇ ಹೆಸರಿಟ್ಟ ಫೋಲ್ಡರಿನಲ್ಲಿ ಹಾಕಿರುತ್ತೀರಿ. ಉಬುಂಟುವಿನಲ್ಲಿ, ಮ್ಯಾಕ್‌ನಲ್ಲಿ ಕೋಡ್ ಸರಿಯಾಗಿ ಓಡುತ್ತದೆ. ವಿಂಡೋಸ್‌ನಲ್ಲಿ ಇಮ್‌ರೀಡ್ ಚಿತ್ರದ ಬದಲು ‘ನನ್’ ಕೊಡುತ್ತದೆ. ನಿಲ್ಲುವುದೂ ಇಲ್ಲ. ಮುಂದಿನ ಸಾಲು, ಹೆಚ್ಚಾಗಿ ಬಣ್ಣದ ಬಗೆ ಬದಲಾಯಿಸುವ ಸಿವಿಟಿಕಲರ್, ಖಾಲಿ ಚಿತ್ರ ಸಿಕ್ಕಿತು ಎಂದು ‘ಮೈನಸ್ 215 ಅಸರ್ಶನ್ ಫೇಲ್ಡ್’ ಹೇಳಿ ಬೀಳುತ್ತದೆ. ನೋಡುವವರ ಕಣ್ಣು ಸಿವಿಟಿಕಲರ್ ಮೇಲೆ ಇರುತ್ತದೆ, ದೋಷ ಅದಕ್ಕಿಂತ ಒಂದು ಸಾಲು ಮೇಲಿದೆ. ವಿಂಡೋಸ್‌ನಲ್ಲಿ ಓಪನ್‌ಸಿವಿ ಫೈಲ್ ತೆರೆಯುವ ರೀತಿಗೆ ಕನ್ನಡ ಅಕ್ಷರದ ದಾರಿ ಅರ್ಥವಾಗದಿರುವುದೇ ಇದಕ್ಕೆ ಕಾರಣ.

ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಅದೇ ಚಿತ್ರವನ್ನು ಇಂಗ್ಲಿಷ್ ಹೆಸರಿನ ಫೋಲ್ಡರಿಗೆ ಕಾಪಿ ಮಾಡಿ ಓದಿಸಿ. ಓದಿದರೆ ದೋಷ ಸಿಕ್ಕಿತು. ಹಾಗಂತ ನಿಮ್ಮ ಫೋಲ್ಡರುಗಳ ಕನ್ನಡ ಹೆಸರನ್ನು ಬಿಡಬೇಕಾಗಿಲ್ಲ. ನಂಪೈನ ‘ಫ್ರಮ್‌ಫೈಲ್’ನಿಂದ ಫೈಲನ್ನು ಬೈಟ್‌ಗಳಾಗಿ ಓದಿ, ಡೇಟಾ ಬಗೆ ‘ಯುಇಂಟ್8’ ಎಂದು ಕೊಡಿ. ಬಂದದ್ದನ್ನು ಸಿವಿ2ರ ‘ಇಮ್‌ಡಿಕೋಡ್’ಗೆ ಕೊಟ್ಟರೆ ಚಿತ್ರ ಸಿಗುತ್ತದೆ. ಉಳಿಸುವಾಗ ಇದರ ತಿರುಗುಮುರುಗು, ‘ಇಮ್‌ಎನ್‌ಕೋಡ್’ ಮಾಡಿ ‘ಟುಫೈಲ್’. ವಿಂಡೋಸ್ ಯೂಸರ್ ಹೆಸರೇ ಕನ್ನಡದಲ್ಲಿದ್ದರೆ ಮುಖ ಗುರುತಿಸುವ ಹಾರ್ ಕ್ಯಾಸ್ಕೇಡ್ ಫೈಲುಗಳೂ ತೆರೆಯದಿರಬಹುದು, ಏಕೆಂದರೆ ಅವು ಆ ಹೆಸರಿನ ಫೋಲ್ಡರಿನ ಒಳಗೇ ಕೂತಿರುತ್ತವೆ. ಅಂಥವರು ವರ್ಚುವಲ್ ಎನ್ವಿರಾನ್‌ಮೆಂಟನ್ನು, ಅಂದರೆ ಒಂದು ಪ್ರಾಜೆಕ್ಟಿಗೆಂದೇ ಬೇರೆ ಇಡುವ ಪೈಥಾನ್ ಫೋಲ್ಡರನ್ನು, ಸಿ ಡ್ರೈವಿನ ನೇರ ಕೆಳಗೆ, ಇಂಗ್ಲಿಷ್ ಹೆಸರಿನ ಫೋಲ್ಡರಿನಲ್ಲಿ ಮಾಡಿಕೊಳ್ಳಿ.

ವೆಬ್‌ಕ್ಯಾಮ್ ತೆರೆಯಲು ತುಂಬಾ ಹೊತ್ತು ಹಿಡಿದರೆ ವಿಡಿಯೋಕ್ಯಾಪ್ಚರ್‌ಗೆ ಎರಡನೇ ಮಾಹಿತಿಯಾಗಿ ಕ್ಯಾಪ್ ಅಂಡರ್‌ಸ್ಕೋರ್ ಡಿಶೋ ಕೊಡಿ. ಸ್ಪೆಲಿಂಗ್ ಡಿ, ಎಸ್, ಎಚ್, ಓ, ಡಬ್ಲ್ಯು, ಎಲ್ಲ ದೊಡ್ಡಕ್ಷರ. ಹೆಚ್ಚಾಗಿ ಕೂಡಲೇ ತೆರೆಯುತ್ತದೆ.

ಪೀಣ್ಯದ ಕಡೆ ಇನ್ನೂ ವಿಂಡೋಸ್ 7 ಇಟ್ಟುಕೊಂಡ ಮೆಷಿನ್‌ಗಳಿವೆ. ಬದಲಾಯಿಸಿ ಎಂದು ಸುಲಭವಾಗಿ ಹೇಳಬಹುದು, ಆದರೆ ಅದಕ್ಕೆ ಕಟ್ಟಿದ ಯಂತ್ರದ ಸಾಫ್ಟ್‌ವೇರ್ ಹೊಸದರಲ್ಲಿ ಓಡದಿದ್ದರೆ ಮಾಲೀಕರು ಏನು ಮಾಡಬೇಕು? ಅಲ್ಲಿ ಪೈಥಾನ್ 3.8ಕ್ಕೆ ನಿಲ್ಲಿಸಿ. 3.9ರಿಂದ ಮುಂದಿನದು ವಿಂಡೋಸ್ 7ರಲ್ಲಿ ನಡೆಯುವುದಿಲ್ಲ. ಯೂನಿವರ್ಸಲ್ ಸಿ ರನ್‌ಟೈಮ್ ಅಪ್‌ಡೇಟ್ ಕೂಡ ಬೇಕಾಗಬಹುದು. ಆ ಮೆಷಿನ್‌ಗೆ ಬೇಕಂತಲೇ ನೆಟ್ ಕೊಟ್ಟಿಲ್ಲದಿದ್ದರೆ, ನೆಟ್ ಇರುವ ಇನ್ನೊಂದು ವಿಂಡೋಸ್ ಮೆಷಿನ್‌ನಲ್ಲಿ ಅದೇ ಪೈಥಾನ್ ಆವೃತ್ತಿ ಹಾಕಿ ‘ಪಿಪ್ ಡೌನ್‌ಲೋಡ್ ಓಪನ್‌ಸಿವಿ ಹೈಫನ್ ಪೈಥಾನ್’ ಕೊಡಿ. 32 ಬಿಟ್, 64 ಬಿಟ್ ಕೂಡ ಒಂದೇ ಇರಬೇಕು. ಬಂದ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಅಲ್ಲಿ ‘ನೋ ಹೈಫನ್ ಇಂಡೆಕ್ಸ್’ ಮತ್ತು ‘ಫೈಂಡ್ ಹೈಫನ್ ಲಿಂಕ್ಸ್’ ಸೇರಿಸಿ ಇನ್‌ಸ್ಟಾಲ್ ಮಾಡಿ. ಎರಡರ ಮುಂದೆಯೂ ಎರಡೆರಡು ಹೈಫನ್. ಕಾಲೇಜು ಲ್ಯಾಬಿನಲ್ಲಿ ಒಂದೇ ಬಗೆಯ ಹತ್ತಾರು ಮೆಷಿನ್‌ಗಳಿಗೂ ಇದೇ ದಾರಿ ಒಳ್ಳೆಯದು.

ಲಿನಕ್ಸ್

ಉಬುಂಟು 23.04ರಿಂದ ಈಚೆಗೆ, ಡೆಬಿಯನ್ 12ರಲ್ಲಿ, ಪಿಪ್ ನೇರವಾಗಿ ಕೊಟ್ಟರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂದು ನಿಲ್ಲುತ್ತದೆ. ಸಿಸ್ಟಮ್‌ನ ಪೈಥಾನ್ ಕೆಡಬಾರದು ಎಂದು ಹಾಕಿದ ಬೇಲಿ ಅದು, ದೋಷವಲ್ಲ. ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಎಂಬ ಆಯ್ಕೆ ಕೊಟ್ಟು ಒಳನುಗ್ಗಬೇಡಿ. ‘ಪೈಥಾನ್3 ಹೈಫನ್ ಎಮ್ ವೆನ್ವ್’ ಎಂದು ಕೊಟ್ಟು ಫೋಲ್ಡರಿನ ಹೆಸರು ಬರೆದು, ಆ ವರ್ಚುವಲ್ ಎನ್ವಿರಾನ್‌ಮೆಂಟಿನ ಒಳಗೆ ಹಾಕಿ.

ಸರ್ವರ್ ಅಥವಾ ಡಾಕರ್ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದುದನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟ ಹಾಗೆ ಓಡಿಸುವ ಸಾಧನ) ಬಳಸುವವರಿಗೆ ಎದುರಾಗುವುದು ‘ಲಿಬ್‌ಜಿಎಲ್ ಡಾಟ್ ಎಸ್‌ಓ ಡಾಟ್ 1 ಸಿಗಲಿಲ್ಲ’ ಎಂಬ ಎರರ್. ಲ್ಯಾಪ್‌ಟಾಪ್‌ನಲ್ಲಿ ಓಡಿದ್ದು ಡಾಕರ್‌ನಲ್ಲಿ ಓಡದೆ ಇರಲು ಕಾರಣ ಇಷ್ಟೇ: ಸ್ಕ್ರೀನ್ ಇರುವ ಉಬುಂಟುವಿನಲ್ಲಿ ಗ್ರಾಫಿಕ್ಸ್ ಲೈಬ್ರರಿ ಮೊದಲೇ ಇರುತ್ತದೆ, ಪೈಥಾನ್‌ನ ಸ್ಲಿಮ್ ಇಮೇಜಿನಲ್ಲಿ ಇರುವುದಿಲ್ಲ. ಅಲ್ಲಿ ಕಿಟಕಿ ತೆರೆಯುವ ಕೆಲಸವೇ ಇಲ್ಲದಿದ್ದರೆ ಹೆಡ್‌ಲೆಸ್ ಬಗೆ ಹಾಕಿ, ಆ ಲೈಬ್ರರಿಯೇ ಬೇಡ. ಸಾಮಾನ್ಯ ಬಗೆಯೇ ಬೇಕಾದರೆ ಉಬುಂಟುವಿನ ಪ್ಯಾಕೇಜ್ ಹಾಕುವ ಎಪಿಟಿಯಿಂದ ‘ಲಿಬ್‌ಜಿಎಲ್1’ ಹಾಕಿ. ಹಳೆಯ ಉತ್ತರಗಳಲ್ಲಿ ‘ಲಿಬ್‌ಜಿಎಲ್1 ಮೆಸಾ ಜಿಎಲ್ಎಕ್ಸ್’ ಎಂದಿರುತ್ತದೆ. ಉಬುಂಟು 24.04ರಲ್ಲಿ ಆ ಹೆಸರಿನ ಪ್ಯಾಕೇಜ್ ಇಲ್ಲ. ಇದು ಸರಿಹೋದ ಮೇಲೆ ‘ಲಿಬ್‌ಜಿಥ್ರೆಡ್’ ಇಲ್ಲ ಎಂದು ಬಂದರೆ ‘ಲಿಬ್‌ಜಿಲಿಬ್2.0 ಹೈಫನ್ 0’ ಕೂಡ ಸೇರಿಸಿ.

ಕಿಟಕಿ, ಬಟನ್ ಮಾಡುವ ಲೈಬ್ರರಿ ಪೈಕ್ಯೂಟಿ ಜೊತೆ ಬಳಸುವಾಗ ‘ಎಕ್ಸ್‌ಸಿಬಿ ಪ್ಲಗಿನ್ ಲೋಡ್ ಆಗಲಿಲ್ಲ’ ಎಂದು ಬಂದರೆ, ಓಪನ್‌ಸಿವಿ ತನ್ನ ಜೊತೆ ತಂದ ಕ್ಯೂಟಿಗೂ ಪೈಕ್ಯೂಟಿಯ ಕ್ಯೂಟಿಗೂ ತಿಕ್ಕಾಟ ಆಗಿದೆ. ಕಿಟಕಿಯನ್ನು ಹೇಗೂ ಪೈಕ್ಯೂಟಿ ನೋಡಿಕೊಳ್ಳುತ್ತದೆ. ಹೆಡ್‌ಲೆಸ್‌ಗೆ ಬದಲಾಯಿಸಿ. ನಾಲ್ಕನ್ನೂ ತೆಗೆದು ಒಂದನ್ನು ಹಾಕುವ ಕ್ರಮ ಇಲ್ಲೂ ಅದೇ.

ಮ್ಯಾಕ್

‘ಇನ್‌ಕಂಪ್ಯಾಟಿಬಲ್ ಆರ್ಕಿಟೆಕ್ಚರ್’ ಎಂದು ಬಂದರೆ ಎಮ್ ಸರಣಿಯ ಮ್ಯಾಕ್‌ನಲ್ಲಿ ಇಂಟೆಲ್‌ನ ಫೈಲ್ ಸೇರಿಕೊಂಡಿದೆ. ಹಳೆಯ ಇಂಟೆಲ್ ಮ್ಯಾಕ್‌ನಿಂದ ಎಲ್ಲವನ್ನೂ ಹೊಸದಕ್ಕೆ ಕಾಪಿ ಮಾಡಿಕೊಂಡವರಲ್ಲಿ ಇದು ಸಾಮಾನ್ಯ. ಪೈಥಾನ್ ಒಳಗೆ ‘ಪ್ಲಾಟ್‌ಫಾರ್ಮ್ ಡಾಟ್ ಮೆಷಿನ್’ ಕೇಳಿ. ಆರ್ಮ್64 ಬರಬೇಕು. ಎಕ್ಸ್86 ಬಂದರೆ ಆ ಪೈಥಾನ್, ಇಂಟೆಲ್ ಪ್ರೋಗ್ರಾಂಗಳನ್ನು ಹೊಸ ಮ್ಯಾಕ್‌ನಲ್ಲಿ ಓಡಿಸುವ ರೊಸೆಟ್ಟಾ ಮೂಲಕ ಓಡುತ್ತಿದೆ. ಮ್ಯಾಕ್‌ಗೆ ಪ್ಯಾಕೇಜ್ ಹಾಕುವ ಹೋಮ್‌ಬ್ರೂ ಎಲ್ಲಿದೆ ನೋಡಿದರೂ ಗೊತ್ತಾಗುತ್ತದೆ: ಹೊಸದು ‘ಆಪ್ಟ್’ ಕೆಳಗಿನ ಹೋಮ್‌ಬ್ರೂ ಫೋಲ್ಡರಿನಲ್ಲಿ, ಇಂಟೆಲ್‌ನದು ‘ಯುಎಸ್ಆರ್ ಲೋಕಲ್’ನಲ್ಲಿ. ಆರ್ಮ್ ಪೈಥಾನ್ ಹಾಕಿ, ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ. ಹಳೆಯದನ್ನು ಸರಿಪಡಿಸಲು ಹೋಗಬೇಡಿ.

ಕ್ಯಾಮೆರಾ ಮಾತ್ರ ಬರುತ್ತಿಲ್ಲ ಎಂದರೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಪ್ರೈವಸಿಯಲ್ಲಿ ಟರ್ಮಿನಲ್‌ಗೆ ಅನುಮತಿ ಕೊಡಿ. ವಿಎಸ್ ಕೋಡ್‌ನಿಂದ ಓಡಿಸಿದರೆ ಅದಕ್ಕೆ ಬೇರೆ ಅನುಮತಿ ಬೇಕು.

ಕ್ಯಾಮೆರಾ ಸಿಗದ ಇನ್ನೆರಡು ಕಡೆ

ವಿಂಡೋಸ್‌ನಲ್ಲೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್ ಒಳಗೆ ಓಪನ್‌ಸಿವಿ ಚೆನ್ನಾಗಿ ಕೂರುತ್ತದೆ, ಆದರೆ ವಿಂಡೋಸ್‌ನ ವೆಬ್‌ಕ್ಯಾಮ್ ಅದಕ್ಕೆ ತಾನಾಗಿ ಕಾಣುವುದಿಲ್ಲ. ಕ್ಯಾಮೆರಾ ಬೇಕಾದ ಪ್ರಾಜೆಕ್ಟನ್ನು ವಿಂಡೋಸ್‌ನಲ್ಲೇ ಓಡಿಸುವುದು ನೆಮ್ಮದಿ. ರಾಸ್ಪ್‌ಬೆರಿ ಪೈನಲ್ಲಿ ಯುಎಸ್‌ಬಿ ಕ್ಯಾಮೆರಾ ಎಂದಿನಂತೆ ತೆರೆಯುತ್ತದೆ. ರಿಬ್ಬನ್ ಕೇಬಲ್‌ನ ಕ್ಯಾಮೆರಾ ಅದರ ಆಪರೇಟಿಂಗ್ ಸಿಸ್ಟಮ್‌ನ ಬುಕ್‌ವರ್ಮ್ ಆವೃತ್ತಿಯಲ್ಲಿ ವಿಡಿಯೋಕ್ಯಾಪ್ಚರ್ ಸೊನ್ನೆ ಎಂದರೆ ಬರುವುದಿಲ್ಲ. ಪೈಕ್ಯಾಮೆರಾ2 ಲೈಬ್ರರಿಯಿಂದ ಫ್ರೇಮ್ ತೆಗೆದು ಓಪನ್‌ಸಿವಿಗೆ ಕೊಡಬೇಕು.

ಬೇರೆಯವರನ್ನು ಕೇಳುವಾಗ

ಇಷ್ಟಾದರೂ ಸಿಗದಿದ್ದರೆ ಕೇಳಿ, ಸಂಕೋಚ ಬೇಡ. ಸ್ಕ್ರೀನಿನ ಫೋಟೋ ಮಾತ್ರ ಕಳಿಸಬೇಡಿ, ಅಕ್ಷರವನ್ನೇ ಕಾಪಿ ಮಾಡಿ ಕಳಿಸಿ. ಆಪರೇಟಿಂಗ್ ಸಿಸ್ಟಮ್ ಮತ್ತು ಆವೃತ್ತಿ, ಪೈಥಾನ್ ಎಲ್ಲಿದೆ ಮತ್ತು ಯಾವ ಆವೃತ್ತಿ, ಪಿಪ್ ಲಿಸ್ಟ್‌ನಲ್ಲಿ ಓಪನ್‌ಸಿವಿ ಹಾಗೂ ನಂಪೈ ಇರುವ ಸಾಲುಗಳು, ಎರರ್‌ನ ಪೂರ್ತಿ ಪಠ್ಯ ಇರಲಿ. ಇದರ ಜೊತೆ ಮೊದಲು ಸರಿಯಾಗಿ ಓಡುತ್ತಿತ್ತಾ, ಓಡುತ್ತಿದ್ದರೆ ಆಮೇಲೆ ಯಾವ ಹೊಸ ಲೈಬ್ರರಿ ಹಾಕಿದಿರಿ ಎಂದೂ ಬರೆಯಿರಿ.